ನಾಲ್ಕು ದಿನ ಆಲ್ಪ್ಸ್, ನಾಲ್ಕೂ ದಿನ ಮಳೆ, ಸೀಟಿನ ಕೆಳಗೆ ಕೆರೆ: ತಪ್ಪು ನನ್ನದಾ, ಕಾರಿನದಾ?

ಪುಟ್ಟಕಾರು
ಎಲ್ಲರಿಗೂ ನಮಸ್ಕಾರ. ಮ್ಯೂನಿಕ್‌ಗೆ ಬಂದು ಏಳು ವರ್ಷ ಆಯ್ತು. ಹೋದ ಮೇ ತಿಂಗಳಲ್ಲಿ ಬಹಳ ದಿನದ ಆಸೆ ತೀರಿಸಿಕೊಂಡೆ, ಒಂದು ಹಳೇ ಮಾಜ್ದಾ ಎಂಎಕ್ಸ್-5 ತಗೊಂಡೆ. 2003ರ ಮಾಡೆಲ್, 1.6 ಎಂಜಿನ್, 110 ಕುದುರೆಶಕ್ತಿ, ಎರಡೇ ಸೀಟು, ಮಡಚಿಡೋ ಬಟ್ಟೆಯ ಟಾಪ್. ಹೆಂಡತಿ ಮೊದಲ ದಿನ ಕಾರು ನೋಡಿ "ಉಳಿದರ್ಧ ಯಾವಾಗ ಬರುತ್ತೆ?" ಅಂದಳು.

ಸೆಪ್ಟೆಂಬರ್ ಕೊನೆಗೆ ಇಲ್ಲಿ ಅಕ್ಟೋಬರ್‌ಫೆಸ್ಟ್ ಗಲಾಟೆ. ಊರು ಬಿಟ್ಟು ಓಡೋಣ ಅಂತ ನಾಲ್ಕು ದಿನದ ಸುತ್ತಾಟ ಹಾಕಿಕೊಂಡೆ. ಮೊದಲ ದಿನ ಕಿಟ್ಸ್‌ಬ್ಯೂಲ್ ಮೇಲೆ ಹೋಗಿ ಗ್ರೋಸ್‌ಗ್ಲಾಕ್ನರ್ ರಸ್ತೆ ಹತ್ತಿ ಲಿಯೆನ್ಸ್‌ಗೆ. ಎರಡನೇ ದಿನ ಇಟಲಿಯ ಬೋಲ್ಜಾನೊ, ಮೆರಾನೊ ದಾಟಿ ವಿನ್ಶ್‌ಗೌ ಕಣಿವೆ. ಮೂರನೇ ದಿನ ಸ್ಟೆಲ್ವಿಯೊ ಪಾಸ್, ಅಂದರೆ ಬೆಟ್ಟ ದಾಟುವ ಎತ್ತರದ ದಾರಿ. ನಾಲ್ಕನೇ ದಿನ ರೆಷನ್ ಪಾಸ್, ಫರ್ನ್‌ಪಾಸ್ ಹಿಡಿದು ಮನೆಗೆ. ಟಾಪ್ ತೆಗೆದು, ತಲೆಗೆ ಬಿಸಿಲು, ಕೂದಲಿಗೆ ಗಾಳಿ, ಆ ತರಹದ ಕನಸು.

ಆಗಿದ್ದು ಇಷ್ಟು. ಕುಫ್‌ಸ್ಟೈನ್ ದಾಟುವಾಗ ಶುರುವಾದ ಮಳೆ, ನಾಲ್ಕನೇ ದಿನ ಸಂಜೆ ನಮ್ಮ ಮನೆ ಪಾರ್ಕಿಂಗ್‌ವರೆಗೂ ಜೊತೆಗೇ ಬಂತು. ಗ್ರೋಸ್‌ಗ್ಲಾಕ್ನರ್ ಟೋಲ್‌ನಲ್ಲಿ 40 ಯೂರೋ ಮೇಲೆ ಕೊಟ್ಟೆ. ಫೆರ್ಲೈಟನ್ ಗೇಟಿನಲ್ಲಿ ಕೂತಿದ್ದ ಹೆಂಗಸು ನಮ್ಮ ಕಾರು ನೋಡಿದಳು, ಆಕಾಶ ನೋಡಿದಳು, ಏನೂ ಹೇಳದೆ ಟಿಕೆಟ್ ಕೊಟ್ಟಳು. ಮೇಲೆ ನೋಡಿದ್ದು ಮಂಜು. ಆಸ್ಟ್ರಿಯಾದ ಅತಿ ಎತ್ತರದ ಬೆಟ್ಟ ಪಕ್ಕದಲ್ಲೇ ಇತ್ತಂತೆ, 3,798 ಮೀಟರ್. ನಮಗೆ ಮುಂದಿನ ಬಸ್ಸಿನ ಹಿಂದಿನ ಲೈಟು ಕಂಡಿದ್ದೇ ಪುಣ್ಯ.

ಇಡೀ ಪ್ರವಾಸದಲ್ಲಿ ಟಾಪ್ ತೆಗೆದಿದ್ದು ಎರಡೇ ಗಂಟೆ, ವಿನ್ಶ್‌ಗೌ ಕಣಿವೆಯ ಶ್ಲಾಂಡರ್ಸ್ ಹತ್ತಿರ, ಸೇಬಿನ ತೋಟಗಳ ನಡುವೆ. ಅಲ್ಲಿ ಯಾಕೋ ಗೊತ್ತಿಲ್ಲ, ಬಿಸಿಲಿತ್ತು.

ಮೂರನೇ ದಿನ ಬೆಳಿಗ್ಗೆ ಹೆಂಡತಿ ಕಾರಿನಲ್ಲಿ ಶೂ ಬಿಚ್ಚಿ ಕಾಲಿಟ್ಟಳು. ಪಚಕ್ ಅಂತ ಸದ್ದು. ಅವಳ ಕಡೆ ಕಾರ್ಪೆಟ್ ಪೂರ್ತಿ ನೀರು. ಸೀಟಿನ ಹಿಂದೆ ಇಟ್ಟಿದ್ದ ಬ್ಯಾಗಿನ ತಳವೂ ಒದ್ದೆ. ಟಾಪ್ ಎಲ್ಲೂ ಹರಿದಿಲ್ಲ, ಕಿಟಕಿಯಿಂದಲೂ ಇಳಿಯುತ್ತಿಲ್ಲ. ನೀರು ಎಲ್ಲಿಂದ ಬರ್ತಿದೆ? ಇನ್ನೊಂದು ಪ್ರಶ್ನೆ, ಮಳೆ ಅಂತ ಮುನ್ಸೂಚನೆ ಇದ್ದಾಗ ಹೋಗಿದ್ದು ದಡ್ಡತನವಾ? ಮನೆಯಲ್ಲಿ ಎರಡು ಅಭಿಪ್ರಾಯ ಇದೆ.

ಡೀಸೆಲ್ ದೊರೆ
ಎರಡು ಅಭಿಪ್ರಾಯ ಯಾಕೆ, ಒಂದೇ ಸಾಕು. ಹೌದು, ದಡ್ಡತನ. ಇಪ್ಪತ್ತು ವರ್ಷ ಹಳೇ ಕಾರು, ಬಟ್ಟೆ ಟಾಪ್, ಸೆಪ್ಟೆಂಬರ್ ಕೊನೆ, 2,700 ಮೀಟರ್. ನನ್ನ ಡೀಸೆಲ್ ಎಸ್ಟೇಟ್ ಕಾರಿನಲ್ಲಿ ಇದೇ ದಾರಿ ಎರಡು ಸಲ ಹೋಗಿದ್ದೇನೆ. ಸೀಟ್ ಹೀಟರ್, ದೊಡ್ಡ ಡಿಕ್ಕಿ, ಕುಕ್ಕರ್ ಕೂಡ ಹಿಡಿಯುತ್ತೆ.

ಒಗ್ಗರಣೆ
ಆಲ್ಪ್ಸ್‌ಗೆ ಕುಕ್ಕರ್ ಒಯ್ದವರನ್ನು ಇವತ್ತು ಕಂಡ ಹಾಗಾಯ್ತು.

ಸ್ಪ್ಯಾನರ್ ಸ್ವಾಮಿ
ಕಾರನ್ನ ಬೈಯಬೇಡಿ. ನೀರಿನ ಉತ್ತರ ನನ್ನ ಹತ್ತಿರ ಇದೆ, ಕಣ್ಣು ಮುಚ್ಚಿ ಹೇಳ್ತೀನಿ. ಡ್ರೈನ್ ಕಟ್ಟಿದೆ.

ಈ ಕಾರಿನ ಟಾಪ್ ಮೇಲೆ ಬಿದ್ದ ನೀರು ಹಿಂದಕ್ಕೆ ಹರಿದು, ಟಾಪ್ ಬಾಡಿಗೆ ಸೇರುವ ಕಡೆ ಒಂದು ಕಾಲುವೆಗೆ ಬೀಳುತ್ತೆ. ಕಾಲುವೆಯಿಂದ ಎರಡು ಮೂಲೆಗೆ ಹೋಗುತ್ತೆ. ಸೀಟ್‌ಬೆಲ್ಟ್ ಕಂಬದ ಹಿಂದೆ ಕೈ ಹಾಕಿದರೆ ಒಂದು ತೂತು ಸಿಗುತ್ತೆ ನೋಡಿ, ಅದೇ. ಅಲ್ಲಿಂದ ಪೈಪ್ ಇಳಿದು ಹಿಂಚಕ್ರದ ಮುಂದೆ, ಕಾರಿನ ಹೊಟ್ಟೆ ಕೆಳಗೆ ನೀರು ಹೊರಗೆ ಬಿಡುತ್ತೆ. ನಮ್ಮ ಊರ ಮನೆಗಳ ಹೆಂಚಿನ ಕೆಳಗಿನ ದೋಣಿ ಇದ್ದ ಹಾಗೆ. ದೋಣಿಗೆ ಎಲೆ ತುಂಬಿದರೆ ನೀರು ಜಗುಲಿಗೆ ಬೀಳಲ್ವಾ, ಇಲ್ಲೂ ಅದೇ ಕಥೆ. ಮರದ ಕೆಳಗೆ ನಿಲ್ಲಿಸಿದ ಕಾರಾದರೆ ಪೈನ್ ಸೂಜಿ, ಹೂವಿನ ಪುಡಿ, ಧೂಳು ಎಲ್ಲ ಸೇರಿ ಬಿರಡೆ ಆಗುತ್ತೆ. ಆಮೇಲೆ ನೀರು ಸೀಟಿನ ಹಿಂದೆ ಉಕ್ಕುತ್ತೆ, ಅಲ್ಲಿಂದ ಇಳಿಜಾರು ಸಿಕ್ಕ ಕಡೆ ಹೋಗುತ್ತೆ. ನೀವು ಬೆಟ್ಟ ಇಳಿಯುವಾಗ ಹೆಂಡತಿ ಪಾದದ ಹತ್ತಿರ ಬಂದಿದೆ, ಅಷ್ಟೇ.

ಪರೀಕ್ಷೆ ಸುಲಭ. ಟಾಪ್ ತೆಗೆದು, ಆ ಮೂಲೆಗೆ ನಿಧಾನಕ್ಕೆ ಒಂದು ಲೋಟ ನೀರು ಹಾಕಿ. ಕೆಳಗೆ ಬಗ್ಗಿ ನೋಡಿ. ಕೆಲವೇ ಸೆಕೆಂಡಿನಲ್ಲಿ ಸುರಿಯಬೇಕು. ಸುರಿಯದಿದ್ದರೆ ಹುಲ್ಲು ಕತ್ತರಿಸುವ ಯಂತ್ರದ ದಪ್ಪ ನೈಲಾನ್ ದಾರ ತಗೊಂಡು ಮೇಲಿಂದ ಮೆಲ್ಲಗೆ ತೂರಿಸಿ. ಕಂಪ್ರೆಸರ್ ಗಾಳಿ ಊದೋಕೆ ಹೋಗಬೇಡಿ, ಪೈಪ್ ಕಳಚಿಕೊಂಡರೆ ಆಮೇಲೆ ಒಳಗೆಲ್ಲಾ ಬಿಚ್ಚಬೇಕು.

ಇದನ್ನ ಈ ವಾರಾಂತ್ಯವೇ ಮಾಡಿ. ಹಾಗೇ ಬಿಟ್ಟರೆ ನೀರು ಬಾಗಿಲ ಕೆಳಗಿನ ಸಿಲ್ ಒಳಗೆ ನಿಂತು ಒಳಗಿಂದ ತುಕ್ಕು ತಿನ್ನುತ್ತೆ. ಹೊರಗೆ ಪೇಂಟ್ ಗುಳ್ಳೆ ಎದ್ದಾಗ ಒಳಗೆ ತಗಡೇ ಇರಲ್ಲ. ಮುಂದಿನ ಟ್ಯೂಫ್‌ನಲ್ಲಿ, ಅಂದರೆ ಇಲ್ಲಿನ ಕಡ್ಡಾಯ ಗಾಡಿ ತಪಾಸಣೆಯಲ್ಲಿ, ಸ್ಕ್ರೂಡ್ರೈವರ್‌ನಿಂದ ಒಂದು ಸಲ ಕುಟ್ಟುತ್ತಾರೆ, ನಿಮ್ಮ ಹೃದಯ ನಿಂತೇ ಹೋಗುತ್ತೆ.

ಪುಟ್ಟಕಾರು
ಅಯ್ಯೋ. ಮಾರಿದವನ ಮನೆ ಮುಂದೆ ದೊಡ್ಡ ಪೈನ್ ಮರ ಇತ್ತು. ಕಾರು ಅದರ ಕೆಳಗೇ ನಿಂತಿತ್ತು.

ಸ್ಪ್ಯಾನರ್ ಸ್ವಾಮಿ
ಮತ್ತಿನ್ನೇನು.

ಆಗುಂಬೆ ಕಡೆಯವ
ನಾಲ್ಕು ದಿನ ಮಳೆಗೆ ಇಷ್ಟು ಗೋಳಾ? ನಮ್ಮೂರಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ದಾಟುತ್ತೆ ಸ್ವಾಮಿ. ಜುಲೈನಲ್ಲಿ ಒಗೆದ ಬಟ್ಟೆ ಆಗಸ್ಟ್‌ನಲ್ಲಿ ಒಣಗುತ್ತೆ. ಆಗುಂಬೆ ಘಾಟಿಯ 14 ತಿರುವನ್ನ ಮಳೆಗಾಲದ ರಾತ್ರಿ ಸ್ಕೂಟರ್‌ನಲ್ಲಿ ಇಳಿದಿದ್ದೇನೆ, ರೈನ್‌ಕೋಟ್ ಇಲ್ಲದೆ.

ಇನ್ಸ್‌ಬ್ರುಕ್ ನಿವಾಸಿ
ಮಳೆ ಎಷ್ಟು ಅನ್ನೋದಕ್ಕಿಂತ ಎಷ್ಟು ತಣ್ಣಗೆ ಅನ್ನೋದು ಇಲ್ಲಿನ ವಿಷಯ. ಆಗುಂಬೆ ಮಳೆಯಲ್ಲಿ ನೆನೆದರೆ ನೆಗಡಿ. ಇಲ್ಲಿ ಸಾವಿರ ಮೀಟರ್ ಹತ್ತಿದರೆ ಸುಮಾರು ಆರೂವರೆ ಡಿಗ್ರಿ ಇಳಿಯುತ್ತೆ. ಸ್ಟೆಲ್ವಿಯೊ ಬುಡದ ಪ್ರಾಡ್ ಹಳ್ಳಿ ಸುಮಾರು 900 ಮೀಟರ್, ಮೇಲಿನ ತುದಿ 2,757. ಲೆಕ್ಕ ಹಾಕಿ, 12 ಡಿಗ್ರಿ ವ್ಯತ್ಯಾಸ. ಕೆಳಗೆ 14 ಇದ್ದರೆ ಮೇಲೆ 2. ಕೆಳಗಿನ ಮಳೆ ಮೇಲೆ ಹಿಮ. ಜುಲೈನಲ್ಲೂ ಇದು ಆಗುತ್ತೆ, ಸೆಪ್ಟೆಂಬರ್ ಕೊನೆಯಲ್ಲಂತೂ ಮಾಮೂಲು. ಪುಟ್ಟಕಾರು ಅವರೇ, ಮೇಲೆ ಏನಿತ್ತು ನಿಜ ಹೇಳಿ.

ಪುಟ್ಟಕಾರು
ನಿಜ ಹೇಳ್ತೀನಿ. 48 ತಿರುವಿಗೂ ಕಲ್ಲಿನ ಮೇಲೆ ನಂಬರ್ ಇದೆ, ಕೆಳಗೆ 48, ಮೇಲೆ 1. ಟ್ರಾಫೊಯ್ ಹಳ್ಳಿವರೆಗೂ ಬರೀ ಮಳೆ. ತಿರುವು 20ರ ಸುಮಾರಿಗೆ ಗಾಜಿನ ಮೇಲೆ ಹನಿ ದಪ್ಪ ಆಯ್ತು, ವೈಪರ್ ಪಕ್ಕಕ್ಕೆ ತಳ್ಳಿದ್ದು ಅಲ್ಲೇ ಅಂಟಿಕೊಂಡು ಕೂತಿತು. ಹೆಂಡತಿ ನಂಬರ್ ಜೋರಾಗಿ ಓದ್ತಾ ಇದ್ದಳು, ಹದಿನೆಂಟು, ಹದಿನೇಳು, ಅಂತ. ಹನ್ನೊಂದು ಆದಮೇಲೆ ಓದೋದು ನಿಲ್ಲಿಸಿ ಏನೋ ಪಿಸುಗುಡೋಕೆ ಶುರು ಮಾಡಿದಳು. ರಾಘವೇಂದ್ರ ಸ್ತೋತ್ರ.

ಮೇಲೆ ರಸ್ತೆ ಬದಿ ಬೆಳ್ಳಗಿತ್ತು. ರಸ್ತೆ ಮೇಲೆ ಅಷ್ಟಿಲ್ಲ, ಕೆಸರಿನ ತರಹ ಇತ್ತು. ಐದು ನಿಮಿಷ ನಿಂತು, ಫೋಟೋ ತೆಗೆದು, ಉಂಬ್ರೈಲ್ ಕಡೆಯಿಂದ ಸ್ವಿಸ್ ಕಣಿವೆಗೆ ಇಳಿದುಬಿಟ್ಟೆವು.

ಇನ್ಸ್‌ಬ್ರುಕ್ ನಿವಾಸಿ
ಟೈರ್ ಯಾವುದು?

ಪುಟ್ಟಕಾರು
ಬೇಸಿಗೆ ಟೈರ್. ಗೆರೆ ಚೆನ್ನಾಗಿದೆ, ಸುಮಾರು 5 ಮಿಲಿಮೀಟರ್ ಇದೆ. ಮಾರಿದವನು "ಹೊಸದರ ಹಾಗೇ" ಅಂದಿದ್ದ.

ಸ್ಪ್ಯಾನರ್ ಸ್ವಾಮಿ
ಟೈರ್ ಪಕ್ಕದಲ್ಲಿ ಡಾಟ್ ಅಂತ ಬರೆದು ಕೊನೆಗೆ ನಾಲ್ಕು ಅಂಕಿ ಇರುತ್ತೆ. ನೋಡಿ ಹೇಳಿ.

ಪುಟ್ಟಕಾರು
ಈಗ ಕೆಳಗೆ ಹೋಗಿ ಟಾರ್ಚ್ ಹಾಕಿ ನೋಡಿ ಬಂದೆ. 3212.

ಸ್ಪ್ಯಾನರ್ ಸ್ವಾಮಿ
ಅಂದರೆ 2012ರ 32ನೇ ವಾರ. ಆ ಟೈರ್ ಹುಟ್ಟಿದ ವರ್ಷ ಹುಟ್ಟಿದ ಮಗು ಈಗ ಹೈಸ್ಕೂಲಿಗೆ ಬಂದಿರುತ್ತೆ. ಗೆರೆ ಉಳಿದಿರೋದು ಕಾರು ಓಡದೆ ನಿಂತಿದ್ದಕ್ಕೆ. ರಬ್ಬರ್ ಗಟ್ಟಿಯಾಗಿ ಪ್ಲಾಸ್ಟಿಕ್ ಆಗಿರುತ್ತೆ. ಒದ್ದೆ ರಸ್ತೆ, 2 ಡಿಗ್ರಿ, ಎಂಜಿನ್ ಬಲ ಹಿಂಚಕ್ರಕ್ಕೆ ಹೋಗುವ ಹಗುರವಾದ ಕಾರು. ನಿಮ್ಮ ಹೆಂಡತಿ ಸ್ತೋತ್ರ ಹೇಳಿದ್ದು ಸರಿಯಾಗಿಯೇ ಇತ್ತು.

ಡೀಸೆಲ್ ದೊರೆ
ನಾನು ಮೊದಲೇ ಹೇಳಿದೆ.

ಝೂರಿಕ್ ಅಕ್ಕ
ದೊರೆಗಳೇ, ನೀವು ಹೇಳಿದ್ದು ಕುಕ್ಕರ್ ಬಗ್ಗೆ. ಟೈರ್ ಬಗ್ಗೆ ಅಲ್ಲ.

ಡೀಸೆಲ್ ದೊರೆ
ಹೋಗಲಿ ಬಿಡಿ. ಆದರೆ ಜರ್ಮನಿಯಲ್ಲಿ ಅಕ್ಟೋಬರ್‌ನಿಂದ ಈಸ್ಟರ್‌ವರೆಗೆ ಚಳಿಗಾಲದ ಟೈರ್ ಅಂತ ಬಾಯಿಮಾತಿನ ನಿಯಮ ಇದೆಯಲ್ಲ, ಅದು ತಗ್ಗಿನ ಊರಿಗೆ. ಬೆಟ್ಟಕ್ಕೆ ಹೋಗುವವನು ಒಂದು ತಿಂಗಳು ಮುಂಚೆ ಯೋಚಿಸಬೇಕು, ಅಷ್ಟೇ ನನ್ನ ಮಾತು. ಕಾನೂನಿನಲ್ಲಿ ತಾರೀಖೇ ಇಲ್ಲ, ರಸ್ತೆ ಮೇಲೆ ಹಿಮವೋ ಐಸೋ ಇದ್ದರೆ ಆ ಟೈರ್ ಇರಬೇಕು. ಆಸ್ಟ್ರಿಯಾದಲ್ಲಿ ನವೆಂಬರ್ 1ರಿಂದ ಏಪ್ರಿಲ್ 15ರವರೆಗೆ ಅಂತ ತಾರೀಖು ಇದೆ, ಅದೂ ಚಳಿಗಾಲದ ರಸ್ತೆ ಇದ್ದಾಗ.

ಝೂರಿಕ್ ಅಕ್ಕ
ಇದನ್ನ ಒಪ್ಪುತ್ತೇನೆ. ಬರೆದುಕೊಳ್ಳಿ, ಅಪರೂಪ.

ಮೋಡ ನೋಡುವವ
ಎಲ್ಲರೂ ಟೈರ್ ಹಿಂದೆ ಬಿದ್ದಿರಿ, ಆ ಎರಡು ಗಂಟೆ ಬಿಸಿಲಿನ ಬಗ್ಗೆ ಯಾರೂ ಕೇಳಲಿಲ್ಲ. ನನ್ನ ಪ್ರಕಾರ ಇಡೀ ಕಥೆಯ ಗುಟ್ಟು ಅಲ್ಲಿದೆ.

"ಆಲ್ಪ್ಸ್‌ನಲ್ಲಿ ಮಳೆ" ಅನ್ನೋ ಮಾತಿಗೆ ಅರ್ಥವೇ ಇಲ್ಲ. ಗಾಳಿ ಯಾವ ಕಡೆಯಿಂದ ಬರ್ತಿದೆ ಅನ್ನೋದು ಕೇಳಬೇಕು. ವಾಯವ್ಯದಿಂದ ಬಂದರೆ ಮೋಡ ಉತ್ತರದ ಗೋಡೆಗೆ ಬಡಿದು ಬವೇರಿಯಾ, ಸಾಲ್ಸ್‌ಬರ್ಗ್, ಉತ್ತರ ಟಿರೋಲ್‌ನಲ್ಲೇ ಸುರಿದು ಖಾಲಿಯಾಗುತ್ತೆ. ಜರ್ಮನ್ನರು ಇದಕ್ಕೆ ನಾರ್ಡ್‌ಷ್ಟಾವ್ ಅಂತಾರೆ, ಉತ್ತರದ ಕಡೆ ಮೋಡ ಒತ್ತಿಕೊಂಡು ನಿಲ್ಲೋದು. ಆಗ ಬೆಟ್ಟ ದಾಟಿ ದಕ್ಷಿಣಕ್ಕೆ ಇಳಿದರೆ ಬಿಸಿಲು. ಜಿನೋವಾ ಕೊಲ್ಲಿ ಕಡೆ ವಾಯುಭಾರ ಕುಸಿದರೆ ಉಲ್ಟಾ, ದಕ್ಷಿಣದಲ್ಲಿ ಬಕೆಟ್‌ನಲ್ಲಿ ಸುರಿದ ಹಾಗೆ ಸುರಿಯುತ್ತೆ, ಮ್ಯೂನಿಕ್‌ನಲ್ಲಿ ಎಷ್ಟೋ ಸಲ ಫ್ಯೋನ್ ಅನ್ನೋ ಬೆಚ್ಚನೆ ಒಣ ಗಾಳಿ ಬೀಸಿ ಬೆಟ್ಟಗಳು ಕೈಗೆ ಸಿಗೋ ಹಾಗೆ ಕಾಣುತ್ತೆ. ಮ್ಯೂನಿಕ್‌ನವರಿಗೆ ಅವತ್ತು ತಲೆನೋವು ಬೇರೆ ಬರುತ್ತಂತೆ.

ವಿನ್ಶ್‌ಗೌ ಎರಡೂ ಕಡೆಯಿಂದ ಬೆಟ್ಟ ಕಟ್ಟಿಕೊಂಡ ಕಣಿವೆ. ಉತ್ತರದ ಮೋಡ ಓಟ್ಸ್‌ಟಾಲ್ ಬೆಟ್ಟಗಳಿಗೆ ಖರ್ಚಾಗುತ್ತೆ, ದಕ್ಷಿಣದ್ದು ಓರ್ಟ್ಲರ್‌ಗೆ. ವರ್ಷಕ್ಕೆ ಸುಮಾರು 500 ಮಿಲಿಮೀಟರ್ ಮಳೆ ಅಷ್ಟೇ. ಆಲ್ಪ್ಸ್‌ನ ಅತಿ ಒಣ ಕಣಿವೆಗಳಲ್ಲಿ ಒಂದು. ನೀವು ನೋಡಿದ ಸೇಬಿನ ತೋಟಗಳಿಗೆ ನೀರು ಹಾಯಿಸೋಕೆ ಅಲ್ಲಿನ ರೈತರು ನೂರಾರು ವರ್ಷದಿಂದ ಬೆಟ್ಟದಿಂದ ಸಣ್ಣ ಕಾಲುವೆ ತಂದಿದ್ದಾರೆ, ವಾಲ್ ಅಂತಾರೆ. ಕಾಲುವೆ ಪಕ್ಕದ ಕಾಲುದಾರಿಯಲ್ಲೇ ಈಗ ಪ್ರವಾಸಿಗರು ನಡೆಯೋದು.

ಬಯಲುಸೀಮೆ
500 ಮಿಲಿಮೀಟರ್ ಅಂದರೆ ನಮ್ಮ ಚಳ್ಳಕೆರೆ! ಅಂದರೆ ಆಗುಂಬೆಯಿಂದ ಹೊರಟು ಚಳ್ಳಕೆರೆಗೆ ಬಂದು, ಬಿಸಿಲು ಸಿಕ್ಕಿದ ತಕ್ಷಣ ವಾಪಸ್ ಆಗುಂಬೆಗೆ ಓಡಿದ್ದೀರಿ. ಯಾಕ್ರೀ?

ಪುಟ್ಟಕಾರು
ಹೋಟೆಲ್ ಬುಕ್ ಆಗಿತ್ತು. ಹಣ ವಾಪಸ್ ಇಲ್ಲ ಅಂತ ಹಾಕಿದ್ದರು. ಫೋನ್ ಮಾಡಿ ಒಂದು ದಿನ ಮುಂದಕ್ಕೆ ಹಾಕ್ತೀರಾ ಅಂತ ಕೇಳಿದೆ, ಕಡ್ಡಿ ಮುರಿದ ಹಾಗೆ ಇಲ್ಲ ಅಂದರು. ರೂಮಿನಲ್ಲಿ ಹೀಟರ್ ಕೂಡ ಹಾಕಿರಲಿಲ್ಲ, "ಇನ್ನೂ ಸೀಸನ್ ಬಂದಿಲ್ಲ" ಅಂತ. ಒದ್ದೆ ಸಾಕ್ಸ್ ಅನ್ನ ಹೇರ್‌ಡ್ರೈಯರ್‌ನಲ್ಲಿ ಒಣಗಿಸಿದೆವು, ಒಂದೊಂದಕ್ಕೆ ಹತ್ತು ನಿಮಿಷ.

ಬಯಲುಸೀಮೆ
ಎಂಬತ್ತು ಯೂರೋ ಹೋಗುತ್ತೆ ಅಂತ ಬಿಸಿಲು ಬಿಟ್ಟು ಬಂದಿರಾ. ನಮ್ಮ ಜನ ಎಲ್ಲಿ ಹೋದರೂ ನಮ್ಮ ಜನವೇ.

ಝೂರಿಕ್ ಅಕ್ಕ
ಮೋಡದವರು ಹೇಳಿದ್ದು ನೂರಕ್ಕೆ ನೂರು ಸತ್ಯ. ನಾವು ಇಲ್ಲಿ ಗಾಟ್ಹಾರ್ಡ್ ಜೂಜು ಆಡ್ತೀವಿ. ಗೋಷೆನನ್‌ನಲ್ಲಿ ಮಳೆ, 17 ಕಿಲೋಮೀಟರ್ ಸುರಂಗ, ಆ ಕಡೆ ಐರೋಲೊದಲ್ಲಿ ಕಣ್ಣು ಬಿಡೋಕಾಗದ ಬಿಸಿಲು. ಎಷ್ಟು ಸಲ ಆಗಿದೆಯೋ ಲೆಕ್ಕ ಇಲ್ಲ. ಆದರೆ ಜೂಜು ಅಂದಮೇಲೆ ಸೋಲೂ ಇದೆ. ಆ ಕಡೆಯ ದಕ್ಷಿಣ ಸ್ವಿಸ್ ಪ್ರಾಂತ್ಯ ಟಿಚೀನೊ ಅಂದರೆ ತಾಳೆಮರ, ಬಿಸಿಲು ಅಂತ ಎಲ್ಲರೂ ಅಂದುಕೊಳ್ತಾರೆ, ಲೊಕಾರ್ನೊದಲ್ಲಿ ವರ್ಷಕ್ಕೆ ಬೀಳೋ ಮಳೆ ಝೂರಿಕ್‌ಗಿಂತ ಜಾಸ್ತಿ. ಬರೋದು ಕಮ್ಮಿ ದಿನ, ಬಂದ ದಿನ ಬಾನೇ ತೂತು.

ಒಮ್ಮೆ ಗೆಳತಿಯ ಪುಟ್ಟ ಕನ್ವರ್ಟಿಬಲ್‌ನಲ್ಲಿ ಸುರಂಗ ಬೇಡ, ಪಾಸ್ ಮೇಲೆ ಹೋಗೋಣ ಅಂತ ಹೊರಟೆವು. 2,100 ಮೀಟರ್ ಮೇಲೆ. ದಕ್ಷಿಣಕ್ಕೆ ಇಳಿಯೋಕೆ ಟ್ರೆಮೋಲಾ ಅಂತ ಹಳೇ ರಸ್ತೆ ಇದೆ, ಗ್ರಾನೈಟ್ ಕಲ್ಲು ಹಾಸಿದ್ದು, ಒಂದರ ಮೇಲೊಂದು 24 ತಿರುವು, ಮೇಲಿಂದ ನೋಡಿದರೆ ರಿಬ್ಬನ್ ಬಿದ್ದ ಹಾಗೆ. ಒಣಗಿದ್ದಾಗ ಸ್ವರ್ಗ. ಅವತ್ತು ಒದ್ದೆ. ಕಲ್ಲಿನ ಮೇಲೆ ಎಣ್ಣೆ ಸವರಿದ ಹಾಗಿತ್ತು. ಗೆಳತಿ ಎರಡನೇ ಗೇರ್ ಬಿಟ್ಟು ಮೂರಕ್ಕೆ ಹಾಕಿದಳು, ಬ್ರೇಕ್ ಮುಟ್ಟಿದಳು, ಕಾರು ಒಂದಡಿ ಸುಮ್ನೆ ಪಕ್ಕಕ್ಕೆ ಜಾರಿ ನಿಂತಿತು. ಇಬ್ಬರೂ ಮಾತಾಡಲಿಲ್ಲ. ಐರೋಲೊವರೆಗೆ ಒಂದನೇ ಗೇರ್.

ಬೆಟ್ಟ ಇಳಿಯುವಾಗ ಎಂಜಿನ್ ಹಿಡಿಯಲಿ, ಬ್ರೇಕ್ ಬರೀ ಕೊನೆಗೆ. ಇದು ನಿಮಗೆಲ್ಲ ಗೊತ್ತು. ಆದರೂ ಹೇಳ್ತೀನಿ.

ಹೊಸಬ್ರು
ಮಧ್ಯೆ ಬಾಯಿ ಹಾಕ್ತಿದ್ದೀನಿ, ಕ್ಷಮಿಸಿ. ಮೊನ್ನೆ ಆಗಸ್ಟ್‌ನಲ್ಲಿ ಸ್ಟುಟ್‌ಗಾರ್ಟ್‌ಗೆ ಬಂದೆ. ನನ್ನ ಕರ್ನಾಟಕ ಲೈಸೆನ್ಸ್‌ನಲ್ಲಿ ಇಂತಹ ಕಾರು ಬಾಡಿಗೆಗೆ ಸಿಗುತ್ತಾ?

ಡೀಸೆಲ್ ದೊರೆ
ಇಲ್ಲಿ ಮನೆ ಮಾಡಿದ ದಿನದಿಂದ ಆರು ತಿಂಗಳು ನಡೆಯುತ್ತೆ, ಜರ್ಮನ್ ಅನುವಾದ ಅಥವಾ ಇಂಟರ್‌ನ್ಯಾಷನಲ್ ಪರ್ಮಿಟ್ ಜೊತೆ. ಆಮೇಲೆ ಥಿಯರಿ, ಪ್ರಾಕ್ಟಿಕಲ್ ಎರಡೂ ಪರೀಕ್ಷೆ ಬರೀಬೇಕು. ಈಗಲೇ ಶುರು ಮಾಡಿ. ಹದಿನೈದು ವರ್ಷ ಬೆಂಗಳೂರಲ್ಲಿ ಓಡಿಸಿದ್ದೀನಿ ಅಂತ ಹೋದ ನಾನು ಮೊದಲ ಸಲ ಫೇಲ್. ಬಲಗಡೆಯಿಂದ ಬರುವವನಿಗೆ ದಾರಿ ಬಿಡಲಿಲ್ಲ ಅಂತ.

ಝೂರಿಕ್ ಅಕ್ಕ
ಸ್ವಿಟ್ಜರ್‌ಲೆಂಡ್‌ನಲ್ಲಿ ಮನೆ ಮಾಡಿದವರಿಗೆ ಒಂದು ವರ್ಷ. ದೊರೆಗಳು ಫೇಲ್ ಆಗಿದ್ದು ಕೇಳಿ ಇವತ್ತಿನ ಚಹಾ ರುಚಿಯಾಯ್ತು.

ಆಗುಂಬೆ ಕಡೆಯವ
ನಂಗೊಂದು ಕುತೂಹಲ. ಮಳೆಯಲ್ಲಿ ಟಾಪ್ ತೆಗೆದು ಓಡಿಸಿದರೂ ನೆನೆಯಲ್ಲ ಅಂತ ಯಾರೋ ಹೇಳಿದ್ದರು, ಹೌದಾ? ಸುಳ್ಳು ಅನ್ಸುತ್ತೆ.

ಸ್ಪ್ಯಾನರ್ ಸ್ವಾಮಿ
ಸುಳ್ಳಲ್ಲ. 80ರ ವೇಗ ದಾಟಿದರೆ ಮುಂದಿನ ಗಾಜಿಗೆ ಬಡಿದ ಗಾಳಿ ತಲೆ ಮೇಲಿಂದ ಹಾರಿಹೋಗುತ್ತೆ, ಜಿನುಗು ಮಳೆಯ ಹನಿಯೂ ಅದರ ಜೊತೆ. ಪಕ್ಕದ ಕಿಟಕಿ ಏರಿಸಿರಬೇಕು, ಹೀಟರ್ ಕಾಲಿಗೆ ಬಿಟ್ಟಿರಬೇಕು. ನಾನು ಮಾಡಿದ್ದೀನಿ, ಚೆನ್ನಾಗಿರುತ್ತೆ, ಪಕ್ಕದ ಕಾರಿನವರು ಹುಚ್ಚನನ್ನ ನೋಡಿದ ಹಾಗೆ ನೋಡ್ತಾರೆ.

ಡೀಸೆಲ್ ದೊರೆ
ಮುಂದೆ ಲಾರಿ ಬಂದರೆ? ಸಿಗ್ನಲ್ ಬಂದರೆ?

ಸ್ಪ್ಯಾನರ್ ಸ್ವಾಮಿ
ಆಗ ಸ್ನಾನ.

ಇನ್ಸ್‌ಬ್ರುಕ್ ನಿವಾಸಿ
ಪಾಸ್ ರಸ್ತೆಯಲ್ಲಿ ಇದು ನಡೆಯಲ್ಲ ಅಂತ ಸ್ಪಷ್ಟವಾಗಿ ಹೇಳಿಬಿಡಿ, ಯಾರಾದರೂ ಪ್ರಯತ್ನ ಮಾಡ್ತಾರೆ. ತಿರುವಿನಲ್ಲಿ ವೇಗ 20, 25. ಇನ್ನೊಂದು, ಆ ವೇಗ ಹಿಡಿಯೋಕೆ ಅಂತ ಒದ್ದೆ ರಸ್ತೆಯಲ್ಲಿ ಕಾಲು ಒತ್ತೋದು ಬೇಡ. ಇಟಲಿ ಹೈವೇಯಲ್ಲಿ ಮಳೆ ಬಂದರೆ ಮಿತಿ 130 ಇದ್ದದ್ದು 110 ಆಗುತ್ತೆ, ಅದಕ್ಕೆ ಬೇರೆ ಬೋರ್ಡ್ ಹಾಕಿಯೇ ಇರಬೇಕು ಅಂತಿಲ್ಲ, ನಮಗೇ ಗೊತ್ತಿರಬೇಕು.

ಪುಟ್ಟಕಾರು
ಗಾಜಿನ ಒಳಗೆ ಹಬೆ ಕಟ್ಟೋದು ಬೇರೆ ಕಾಟ. ಇಬ್ಬರ ಉಸಿರು, ಒದ್ದೆ ಕಾರ್ಪೆಟ್, ಪುಟ್ಟ ಡಬ್ಬಿ. ಹಿಂದಿನ ಗಾಜಿಗೆ ಬಿಸಿ ತಂತಿ ಇದೆ, ಅದು ಕೆಲಸ ಮಾಡಿತು. ಮುಂದಿನದನ್ನ ಹೆಂಡತಿ ತನ್ನ ದುಪಟ್ಟಾದಲ್ಲಿ ಒರೆಸ್ತಾನೇ ಇದ್ದಳು. ಎಸಿ ಹಾಕಿದರೆ ಚಳಿ ಅಂತ ಆರಿಸಿಟ್ಟಿದ್ದೆವು.

ಸ್ಪ್ಯಾನರ್ ಸ್ವಾಮಿ
ಎಸಿ ಆರಿಸಿದ್ದೇ ತಪ್ಪು! ಎಸಿ ಮತ್ತು ಹೀಟರ್ ಎರಡೂ ಒಟ್ಟಿಗೆ ಹಾಕಬೇಕು. ಎಸಿ ಗಾಳಿಯ ತೇವ ಹೀರುತ್ತೆ, ಹೀಟರ್ ಬಿಸಿ ಮಾಡುತ್ತೆ. ಒಳಗಿನ ಗಾಳಿ ಸುತ್ತಿಸುವ ಬಟನ್ ಆಫ್ ಇರಲಿ. ಹೊರಗೆ ಸೊನ್ನೆಯ ಹತ್ತಿರ ಇಳಿದರೆ ಎಸಿ ಕಂಪ್ರೆಸರ್ ತಾನೇ ನಿಲ್ಲುತ್ತೆ, ಆಗ ಬೇರೆ ದಾರಿ ಇಲ್ಲ, ದುಪಟ್ಟಾನೇ.

ರಾತ್ರಿ ಹೊತ್ತು ಹಳೇ ಸಾಕ್ಸ್‌ಗೆ ಬೆಕ್ಕಿನ ಮರಳು ತುಂಬಿ ಗಂಟು ಹಾಕಿ ಡ್ಯಾಶ್‌ಬೋರ್ಡ್ ಮೇಲಿಡಿ. ಜರ್ಮನ್ ಅಜ್ಜಂದಿರ ಉಪಾಯ. ಕೆಲಸ ಮಾಡುತ್ತೆ.

ಒಗ್ಗರಣೆ
ಅಕ್ಕಿ ಆಗಲ್ವಾ? ಬೆಕ್ಕಿನ ಮರಳು ಯಾಕೆ?

ಸ್ಪ್ಯಾನರ್ ಸ್ವಾಮಿ
ಅಕ್ಕಿಯೂ ಸ್ವಲ್ಪ ಹೀರುತ್ತೆ, ಮರಳು ಜಾಸ್ತಿ. ಅಕ್ಕಿ ಅನ್ನಕ್ಕಿರಲಿ.

ಒಗ್ಗರಣೆ
ಅನ್ನ ಅಂದ ಮೇಲೆ ನೆನಪಾಯ್ತು. ನಾಲ್ಕು ದಿನ ಏನು ತಿಂದಿರಿ? ಅದನ್ನ ಬರೆದೇ ಇಲ್ಲ.

ಪುಟ್ಟಕಾರು
ಇಬ್ಬರೂ ಸಸ್ಯಾಹಾರಿ. ಆಸ್ಟ್ರಿಯಾದಲ್ಲಿ ಚೀಸ್ ಹಾಕಿದ ಷ್ಪೆಟ್ಸ್ಲೆ, ಹಿಟ್ಟಿನ ಗಿಡ್ಡ ನೂಡಲ್ಸ್ ತರಹದ್ದು, ಅದೇ ಮಧ್ಯಾಹ್ನ, ಅದೇ ರಾತ್ರಿ. ಸಿಹಿಗೆ ಕೈಸರ್‌ಷ್ಮಾರ್ನ್, ಮುರಿದ ದಪ್ಪ ದೋಸೆಗೆ ಸಕ್ಕರೆ ಉದುರಿಸಿದ ಹಾಗೆ ಇರುತ್ತೆ, ಹೆಂಡತಿಗೆ ಅದು ಬಹಳ ಹಿಡಿಸಿತು. ಸ್ಟೆಲ್ವಿಯೊ ಮೇಲೆ ಅಂಗಡಿಯಲ್ಲಿ ಸಾಸೇಜ್ ಹೊಗೆ ಬರ್ತಿತ್ತು, ನಮಗೆ ಬರೀ ಚಹಾ.

ನಿಜವಾದ ಊಟ ಅಂದರೆ ಗ್ರೋಸ್‌ಗ್ಲಾಕ್ನರ್ ಮೇಲೆ ಫುಷರ್ ಟೋರ್ಲ್ ಪಾರ್ಕಿಂಗ್‌ನಲ್ಲಿ. ಸುತ್ತ ಬಿಳಿ ಗೋಡೆ, ಏನೂ ಕಾಣಲ್ಲ. ಟಾಪ್ ಮೇಲೆ ಮಳೆ ಟಪಟಪ ಅಂತಿದೆ, ತಲೆಯಿಂದ ಒಂದು ಗೇಣು ಮೇಲೆ, ಬಟ್ಟೆ ಆದ್ದರಿಂದ ಪ್ರತಿ ಹನಿಯೂ ಬೇರೆ ಬೇರೆ ಕೇಳುತ್ತೆ. ಹೆಂಡತಿ ಸ್ಟೀಲ್ ಡಬ್ಬಿ ತೆಗೆದಳು, ಪುಳಿಯೋಗರೆ, ಮೇಲೆ ಕಡಲೆಬೀಜ. ತಣ್ಣಗಾಗಿತ್ತು. ಡಬ್ಬಿಯನ್ನ ಹೀಟರ್ ಬಾಯಿಗೆ ಐದು ನಿಮಿಷ ಹಿಡಿದಳು. ಆಮೇಲೆ ಆ ಕಾರಿನಲ್ಲಿ ಇಂಗು, ಹುಣಸೆಹಣ್ಣಿನ ವಾಸನೆ ನಾಲ್ಕು ದಿನ ಹೋಗಲಿಲ್ಲ. ಇನ್ನೂ ಇದೆ. ಅರ್ಧ ಗಂಟೆ ಕೂತಿದ್ದೆವು. ಮಾತೇ ಆಡಲಿಲ್ಲ, ಬೇಜಾರೂ ಆಗಲಿಲ್ಲ.

ಒಗ್ಗರಣೆ
40 ಯೂರೋ ವಸೂಲು.

ಮೋಡ ನೋಡುವವ
ಒಪ್ಪಲ್ಲ. ಆ ರಸ್ತೆಗೆ ವೆಬ್‌ಕ್ಯಾಮ್ ಇವೆ. ಟೋಲ್ ಗೇಟಿಗೆ ಮುಂಚೆ ಫೋನ್‌ನಲ್ಲಿ ನೋಡಬಹುದು. 2,500 ಮೀಟರ್ ಕ್ಯಾಮೆರಾದಲ್ಲಿ ಬರೀ ಬಿಳಿ ಕಂಡರೆ ಕೆಳಗೇ ಉಳೀರಿ, ಝೆಲ್ ಆಮ್ ಜೀ ಕೆರೆ ಸುತ್ತಿ ಬನ್ನಿ. ಕೆಲವು ಸಲ ಉಲ್ಟಾ ಇರುತ್ತೆ, ಕಣಿವೆಯಲ್ಲಿ ಮಂಜು, ಮೇಲಿನ ಕ್ಯಾಮೆರಾದಲ್ಲಿ ನೀಲಿ ಆಕಾಶ. ಅಂಥ ದಿನ ಓಡಿ ಹೋಗಬೇಕು.

ಝೂರಿಕ್ ಅಕ್ಕ
ಪುಳಿಯೋಗರೆಗೆ ವೆಬ್‌ಕ್ಯಾಮ್ ಬೇಕಾಗಿಲ್ಲ ಬಿಡಿ.

ಬಯಲುಸೀಮೆ
ಆ ರಸ್ತೆ ಯಾವ ಕಾಲದ್ದು? ಅಷ್ಟು ಎತ್ತರಕ್ಕೆ ಯಾರಿಗೆ ರಸ್ತೆ ಬೇಕಿತ್ತು?

ಇನ್ಸ್‌ಬ್ರುಕ್ ನಿವಾಸಿ
1935ರಲ್ಲಿ ತೆರೆದದ್ದು. ಫ್ರಾನ್ಸ್ ವಾಲಾಕ್ ಅನ್ನೋ ಎಂಜಿನಿಯರ್ ಯೋಜನೆ. 48 ಕಿಲೋಮೀಟರ್, 36 ತಿರುವು, ಹೋಖ್‌ಟೋರ್‌ನಲ್ಲಿ 2,504 ಮೀಟರ್. ಆಸ್ಟ್ರಿಯಾದಲ್ಲಿ ಕೆಲಸ ಇಲ್ಲದ ಕಾಲ ಅದು, ಸಾವಿರಾರು ಜನ ದುಡಿದರು. ಮೊದಲಿಂದಲೂ ಪ್ರವಾಸಿಗರಿಗೆ ಅಂತಲೇ ಕಟ್ಟಿದ್ದು, ಟೋಲ್ ಕೂಡ ಮೊದಲಿಂದಲೂ ಇದೆ. ಸ್ಟೆಲ್ವಿಯೊ ಕಥೆ ಬೇರೆ. ಅದು 1820ರಿಂದ 1825ರವರೆಗೆ ಕಟ್ಟಿದ್ದು, ಆಗ ಲೊಂಬಾರ್ಡಿ ಆಸ್ಟ್ರಿಯಾ ಕೈಲಿತ್ತು, ಸೈನ್ಯ ಮಿಲಾನ್‌ಗೆ ಹೋಗೋಕೆ ದಾರಿ ಬೇಕಿತ್ತು. ಕಾರ್ಲೊ ಡೊನೆಗಾನಿ ಕಟ್ಟಿದ. ಕುದುರೆಗಾಡಿಗೆ ಅಳೆದ ತಿರುವುಗಳು ಅವು. ಅದಕ್ಕೇ ಬಸ್ಸು ಬಂದರೆ ಎಲ್ಲರೂ ನಿಂತು ಲೆಕ್ಕ ಹಾಕಬೇಕು. ಪುಟ್ಟಕಾರು ಅವರ ಕಾರು ಮಾತ್ರ ಒಂದೇ ಸಲಕ್ಕೆ ತಿರುಗಿರುತ್ತೆ.

ಪುಟ್ಟಕಾರು
ಅದೊಂದು ಸುಖ ನಿಜ. ಮುಂದಿದ್ದ ದೊಡ್ಡ ಎಸ್‌ಯುವಿ ಹಿಂದೆ ಮುಂದೆ ಮಾಡ್ತಿದ್ದರೆ ನಾನು ಸುಮ್ನೆ ಗುಂಡಗೆ ತಿರುಗಿಬಿಡ್ತಿದ್ದೆ.

ಡೀಸೆಲ್ ದೊರೆ
ನನ್ನ ಕಡೆ ನೋಡಿ ಹೇಳ್ತಿದ್ದೀರಾ?

ಝೂರಿಕ್ ಅಕ್ಕ
ಸ್ವಿಸ್ ಕಡೆ ಬಸ್ಸಿನ ವಿಷಯ ಒಂದು ಹೇಳಬೇಕು, ಗೊತ್ತಿಲ್ಲದೆ ಎಷ್ಟೋ ಜನ ಬೈಸಿಕೊಳ್ತಾರೆ. ಹಳದಿ ಪೋಸ್ಟ್ ಬಸ್ ತಿರುವಿನ ಮುಂಚೆ ಮೂರು ಸ್ವರದ ಹಾರ್ನ್ ಹೊಡೆಯುತ್ತೆ, ರೊಸ್ಸಿನಿಯ ವಿಲಿಯಂ ಟೆಲ್ ಒವರ್ಚರ್‌ನಿಂದ ತಗೊಂಡ ಸ್ವರ. ಕೇಳೋಕೆ ಮಜಾ. ಕೇಳಿದ ತಕ್ಷಣ ಜಾಗ ಇರೋ ಕಡೆ ನಿಲ್ಲಬೇಕು. ನೀಲಿ ಬೋರ್ಡ್ ಮೇಲೆ ಹಳದಿ ಪೋಸ್ಟ್ ಕೊಂಬು ಇದ್ದರೆ, ಆ ರಸ್ತೆಯಲ್ಲಿ ಬಸ್ ಡ್ರೈವರ್ ಹೇಳಿದ್ದು ಕೇಳಬೇಕು. ಹಿಂದಕ್ಕೆ ಹೋಗು ಅಂದರೆ ಹೋಗಬೇಕು.

ಆಗುಂಬೆ ಕಡೆಯವ
ನಮ್ಮಲ್ಲೂ ಹಾಗೇ. ಕೆಎಸ್‌ಆರ್‌ಟಿಸಿ ಡ್ರೈವರ್ ಹೇಳಿದ್ದೇ ಕಾನೂನು. ಬೋರ್ಡ್ ಹಾಕಿಲ್ಲ ಅಷ್ಟೇ.

ಹೊಸಬ್ರು
ಗುಡುಗು ಸಿಡಿಲು ಬಂದರೆ ಬಟ್ಟೆ ಟಾಪ್ ಕಾರಿನಲ್ಲಿ ಕೂತಿರಬಹುದಾ? ಕಾರು ಸೇಫ್ ಅನ್ನೋದು ಟೈರ್ ರಬ್ಬರ್ ಇರೋದಕ್ಕೆ ಅಲ್ವಾ?

ಸ್ಪ್ಯಾನರ್ ಸ್ವಾಮಿ
ರಬ್ಬರ್‌ಗೂ ಅದಕ್ಕೂ ಸಂಬಂಧ ಇಲ್ಲ. ಮೋಡದಿಂದ ನೆಲಕ್ಕೆ ಹಾರಿ ಬಂದ ಸಿಡಿಲಿಗೆ ಒಂದು ಗೇಣು ರಬ್ಬರ್ ಯಾವ ಲೆಕ್ಕ. ಸುತ್ತಲಿನ ಲೋಹದ ಪಂಜರ ವಿದ್ಯುತ್ತನ್ನ ಹೊರಗಿಂದಲೇ ನೆಲಕ್ಕೆ ಇಳಿಸುತ್ತೆ, ಅದು ಕಾರಣ. ಬಟ್ಟೆ ಟಾಪ್‌ಗೆ ಆ ಪಂಜರ ಪೂರ್ತಿ ಇಲ್ಲ, ಕಡ್ಡಿಗಳಷ್ಟೇ. ತಗಡಿನ ಕಾರಿನಷ್ಟು ನಂಬೋಕಾಗಲ್ಲ. ಹತ್ತಿರ ಕಟ್ಟಡ ಇದ್ದರೆ ಒಳಗೆ ಹೋಗಿ, ಇಲ್ಲದಿದ್ದರೆ ಟಾಪ್ ಹಾಕಿ, ಕಿಟಕಿ ಮುಚ್ಚಿ, ಕೈ ತೊಡೆ ಮೇಲಿಟ್ಟು ಕೂರಿ.

ಇನ್ಸ್‌ಬ್ರುಕ್ ನಿವಾಸಿ
ನಾಲ್ಕನೇ ದಿನದ ಬಗ್ಗೆ ಏನೂ ಬರೆದಿಲ್ಲ. ಫರ್ನ್‌ಪಾಸ್ ಜಾಮ್‌ನಲ್ಲಿ ಸಿಕ್ಕಿರಲೇಬೇಕು. ಸಿಗದವರು ಇಲ್ಲ.

ಪುಟ್ಟಕಾರು
ಜಾಮ್‌ಗೆ ಮುಂಚೆಯೇ ಇನ್ನೊಂದು ಜಾಮ್. ಬೆಳಿಗ್ಗೆ ರೆಷನ್ ಕೆರೆ ಹತ್ತಿರ ನಿಂತು ಆ ಮುಳುಗಿದ ಚರ್ಚಿನ ಗೋಪುರ ನೋಡಿದೆವು. 1950ರಲ್ಲಿ ಅಣೆಕಟ್ಟಿನ ನೀರು ನಿಲ್ಲಿಸಿದಾಗ ಗ್ರೌನ್ ಹಳ್ಳಿ ಪೂರ್ತಿ ಮುಳುಗಿ ಗೋಪುರ ಒಂದೇ ಉಳೀತಂತೆ. ಮಳೆಯಲ್ಲಿ ಬೂದು ಕೆರೆ, ಬೂದು ಆಕಾಶ, ಮಧ್ಯೆ ಅದು. ಬಿಸಿಲಿನ ಫೋಟೋಗಿಂತ ಇದೇ ಚೆನ್ನಾಗಿದೆ ಅಂತ ಇಬ್ಬರಿಗೂ ಅನ್ನಿಸಿತು. ಹೆಂಡತಿ "ನಮ್ಮ ಶೆಟ್ಟಿಹಳ್ಳಿ ಚರ್ಚ್ ತರಹ" ಅಂದಳು. ಅವಳು ಹಾಸನದವಳು.

ಅಲ್ಲಿಂದ ಲಾಂಡೆಕ್ ದಾಟಿ ಒಂದು ಹಳ್ಳಿಯಲ್ಲಿ ಪೊಲೀಸ್ ಕೈ ತೋರಿಸಿ ನಿಲ್ಲಿಸಿದ. ಮುಂದೆ ನೋಡಿದರೆ ಹಸುಗಳು. ಬೇಸಿಗೆಯೆಲ್ಲ ಬೆಟ್ಟದ ಮೇಲೆ ಮೇಯ್ದು ಕೆಳಗೆ ಬರುವ ದಿನ. ತಲೆಗೆ ಹೂವಿನ ಕಿರೀಟ, ಕೊರಳಿಗೆ ತಂಬಿಗೆಯಷ್ಟು ದೊಡ್ಡ ಗಂಟೆ, ಹೂವೆಲ್ಲ ಮಳೆಗೆ ತೊಯ್ದು ಕಣ್ಣ ಮೇಲೆ ಜೋತಿತ್ತು. ಒಂದು ಹಸು ನಮ್ಮ ಕಾರಿನ ಪಕ್ಕ ನಿಂತು ಮೇಲಿಂದ ಕೆಳಗೆ ನೋಡಿತು. ನಿಜವಾಗಲೂ ಮೇಲಿಂದ ಕೆಳಗೆ, ಕಾರು ಅಷ್ಟು ಗಿಡ್ಡ. ಆಮೇಲೆ ಟಾಪ್ ಮೇಲಿನ ನೀರು ಒಂದು ಸಲ ನೆಕ್ಕಿ ಹೋಯ್ತು.

ಬಯಲುಸೀಮೆ
ಸಂಕ್ರಾಂತಿ! ಕಿಚ್ಚು ಹಾಯಿಸೋದೊಂದು ಬಾಕಿ.

ಆಗುಂಬೆ ಕಡೆಯವ
ಆ ಮಳೆಯಲ್ಲಿ ಕಿಚ್ಚು ಹೊತ್ತಬೇಕಲ್ಲ.

ಡೀಸೆಲ್ ದೊರೆ
ಇದು ಕೇಳಿ ನಂಗೂ ಸ್ವಲ್ಪ ಹೊಟ್ಟೆಕಿಚ್ಚು ಬಂತು, ಸುಳ್ಳು ಯಾಕೆ ಹೇಳಲಿ. ನನ್ನ ಎರಡೂ ಪ್ರವಾಸದಲ್ಲಿ ಹೆಂಡತಿ, ಮಕ್ಕಳು ಹಿಂದೆ ಕೂತು ಫೋನ್ ನೋಡ್ತಿದ್ದರು.

ಪುಟ್ಟಕಾರು
ಭಾನುವಾರದ ವರದಿ. ಸ್ವಾಮಿಗಳು ಹೇಳಿದ ಹಾಗೇ ಮಾಡಿದೆ. ಡ್ರೈವರ್ ಕಡೆ ಲೋಟ ನೀರು ಹಾಕಿದೆ, ತಕ್ಷಣ ಕೆಳಗೆ ಸುರೀತು. ಹೆಂಡತಿ ಕಡೆ ಹಾಕಿದೆ, ಹಾಗೇ ನಿಂತಿತು, ಗುಳುಗುಳು ಅಂತ ಒಂದು ಗುಳ್ಳೆ ಬಂತು ಅಷ್ಟೇ. ನೈಲಾನ್ ದಾರ ತೂರಿಸಿದೆ. ಒಂದು ಗೇಣು ಹೋಗಿ ಮೆತ್ತಗೆ ಏನೋ ತಡೆಯಿತು. ತಿರುಗಿಸಿ ತಿರುಗಿಸಿ ತಳ್ಳಿದೆ. ಹತ್ತು ನಿಮಿಷ ಆದಮೇಲೆ ಕಾರಿನ ಕೆಳಗೆ ಬೊಳಕ್ ಅಂತ ಬಿತ್ತು. ಅರ್ಧ ಲೋಟ ಕಪ್ಪು ಕೆಸರು, ಪೈನ್ ಸೂಜಿಗಳು, ಒಂದು ಸಣ್ಣ ಮೊಳಕೆ ಕೂಡ. ಏನೋ ಗಿಡ ಬೆಳೆಯೋಕೆ ಶುರುವಾಗಿತ್ತು ಒಳಗೆ. ಸಿಲ್ ಸದ್ಯಕ್ಕೆ ಗಟ್ಟಿಯಾಗಿದೆ, ಕುಟ್ಟಿ ನೋಡಿದೆ. ಕಾರ್ಪೆಟ್ ಪೂರ್ತಿ ಬಿಚ್ಚಿ ಬಾಲ್ಕನಿಯಲ್ಲಿ ಹಾಕಿದ್ದೀನಿ. ಕೆಳಗಿನ ಮನೆಯ ಅಜ್ಜಿ ಬಂದು ಇದೇನು ವಾಸನೆ ಅಂತ ಕೇಳಿದರು. ಹೆಂಡತಿ ಪುಳಿಯೋಗರೆ ಪುಡಿ ಕೊಟ್ಟು ಕಳಿಸಿದಳು.

ನಾಲ್ಕೂ ಟೈರ್ ಹೊಸದಕ್ಕೆ ಹೇಳಿದ್ದೀನಿ. ಮನೆಯ ತೀರ್ಪು ಏನು ಅಂದರೆ ಮುಂದಿನ ಸಲ ವಿನ್ಶ್‌ಗೌನಲ್ಲೇ ಎರಡು ರಾತ್ರಿ, ಹೋಟೆಲ್ ಬುಕ್ ಮಾಡದೆ.

ಸ್ಪ್ಯಾನರ್ ಸ್ವಾಮಿ
ಶಭಾಷ್. ಮೊಳಕೆಯ ಫೋಟೋ ಹಾಕಿ.

ಮೋಡ ನೋಡುವವ
ಕಾರ್ಪೆಟ್ ಇನ್ನೂ ಬಾಲ್ಕನಿಯಲ್ಲೇ ಇದೆಯಾ? ರಾಡಾರ್ ನೋಡಿದೆ, ಮೂರು ಗಂಟೆಯಿಂದ ಮ್ಯೂನಿಕ್ ಮೇಲೆ ಮೋಡ.

ಪುಟ್ಟಕಾರು
ಅಯ್ಯೋ ನಾನು ಆಫೀಸಲ್ಲಿದ್ದೀನಿ.